ಶರಾವತಿ ಕಣಿವೆಯಲ್ಲಿ ಉಳಿದಿರುವ ಕಾಡನ್ನಾದರೂ ಬಿಡಿ: ಮುಖ್ಯಮಂತ್ರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಮುಖ್ಯಮಂತ್ರಿಗಳು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು

ವಿಷಯ: ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗಾಗಿ ಸಿಂಗಳೀಕ ಅಭಯಾರಣ್ಯದ ಕಾಡು ಕಡಿಯುವ ಪ್ರಸ್ತಾವವನ್ನು ಹಿಂಪಡೆಯುವ ಬಗ್ಗೆ

ಮಾನ್ಯರೇ,

ನಮಸ್ಕಾರ. ನಾನು ಸಾಗರ ತಾಲ್ಲೂಕಿನವನು. ಶರಾವತಿ ಹಿನ್ನೀರಿನ ಅಂಚಿನಲ್ಲಿ ನಮ್ಮೂರು. ಒಂದಿಷ್ಟು ಅಡಿಕೆ ತೋಟ, ಅದಕ್ಕೆ ತಾಗಿ ಸೊಪ್ಪಿನ ಬೆಟ್ಟ, ಬೆಟ್ಟದ ನೆತ್ತಿಗೆ ಕಾನು, ಅಂದರೆ ದಟ್ಟ ನಿತ್ಯಹಸಿರು ಕಾಡು. ನಮ್ಮ ಹಿರಿಯರ ಮನೆ, ಗದ್ದೆ ಎಲ್ಲ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಡಿ ಹೋದವು. ಹಾಗಾಗಿ ಇವತ್ತಿಗೂ ನಮ್ಮನ್ನು ಮುಳುಗಡೆಯವರು ಅಂತಲೇ ಕರೆಯುತ್ತಾರೆ. ಪಂಪ್ಡ್ ಸ್ಟೋರೇಜ್ ಯೋಜನೆಗೆಂದು ಇದೇ ಕಣಿವೆಯಲ್ಲಿ ಮತ್ತೆ ಕಾಡು ಕಡಿಯುವ ಪ್ರಸ್ತಾವವನ್ನು ತಮ್ಮ ಸರ್ಕಾರ ಕೇಂದ್ರಕ್ಕೆ ಕಳಿಸಿದೆ. ಅದನ್ನು ವಾಪಸ್ ತೆಗೆದುಕೊಳ್ಳಿ ಎಂದು ಕೇಳುವುದಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ಯೋಜನೆ ಏನು ಅನ್ನುವುದು ಕಣಿವೆಯ ಆಚೆ ಇರುವ ಎಷ್ಟೋ ಜನರಿಗೆ ಗೊತ್ತಿಲ್ಲ. ಅದಕ್ಕೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ತಲಕಳಲೆ ಜಲಾಶಯ ಘಟ್ಟದ ಮೇಲಿದೆ, ಗೇರುಸೊಪ್ಪ ಜಲಾಶಯ ಕೆಳಗಿದೆ. ಎರಡರ ನಡುವೆ 400 ಮೀಟರ್‌ಗೂ ಜಾಸ್ತಿ ಎತ್ತರದ ವ್ಯತ್ಯಾಸ. ಹಗಲು ಸೋಲಾರ್ ಕರೆಂಟ್ ಬೇಕಾದ್ದಕ್ಕಿಂತ ಹೆಚ್ಚು ಇರುವಾಗ ಗೇರುಸೊಪ್ಪದ ನೀರನ್ನು ಪಂಪ್ ಮಾಡಿ ತಲಕಳಲೆಗೆ ಹತ್ತಿಸುವುದು. ಸಂಜೆ ಬೇಡಿಕೆ ಏರಿದಾಗ ಅದೇ ನೀರನ್ನು ಕೆಳಕ್ಕೆ ಬಿಟ್ಟು ಕರೆಂಟ್ ತೆಗೆಯುವುದು. 250 ಮೆಗಾವಾಟ್‌ನ ಎಂಟು ಯಂತ್ರ, ಒಟ್ಟು 2,000 ಮೆಗಾವಾಟ್. ಖರ್ಚು ಹತ್ತು ಸಾವಿರ ಕೋಟಿಯ ಆಸುಪಾಸು ಎಂದು ಹೇಳಲಾಗುತ್ತಿದೆ.

ಹೊಸ ಅಣೆಕಟ್ಟು ಕಟ್ಟುವುದಿಲ್ಲ, ಇರುವ ಎರಡು ಜಲಾಶಯಗಳನ್ನೇ ಬಳಸುತ್ತೇವೆ, ಮುಳುಗಡೆ ಇಲ್ಲ ಎಂದು ಸರ್ಕಾರ ಹೇಳುತ್ತಿದೆ. ಅದು ನಿಜ. ಆದರೆ ಎರಡು ಜಲಾಶಯಗಳ ನಡುವೆ ಖಾಲಿ ಜಾಗ ಇಲ್ಲವಲ್ಲ. ಅಲ್ಲಿರುವುದು ಕಾಡು. ಆ ಕಾಡಿನ ಹೊಟ್ಟೆಯೊಳಗೆ ಸುರಂಗ ಕೊರೆಯಬೇಕು. ನೆಲದಡಿ ವಿದ್ಯುದಾಗಾರ ಕಟ್ಟಬೇಕು. ದೊಡ್ಡ ಯಂತ್ರ ಸಾಗಿಸಲು ಕಡಿದಾದ ಘಟ್ಟದಲ್ಲಿ ರಸ್ತೆ ಕಡಿಯಬೇಕು, ಅಗಲ ಮಾಡಬೇಕು. ಸಿಡಿಸಿ ತೆಗೆದ ಕಲ್ಲುಮಣ್ಣನ್ನು ಎಲ್ಲಾದರೂ ಸುರಿಯಬೇಕು. ಕೆಲಸಗಾರರ ಕಾಲೊನಿ, ಕ್ರಷರ್, ಸಿಡಿಮದ್ದಿನ ಉಗ್ರಾಣ, ಕರೆಂಟ್ ಒಯ್ಯುವ ಲೈನು, ಇವೆಲ್ಲಕ್ಕೂ ಜಾಗ ಬೇಕು. ಪ್ರಸ್ತಾವದಲ್ಲಿ ಕಾಣುವುದು 54 ಹೆಕ್ಟೇರ್ ಚಿಲ್ಲರೆ ಅರಣ್ಯ, 15 ಸಾವಿರದ ಆಸುಪಾಸಿನ ಮರ. 930 ಚದರ ಕಿಲೋಮೀಟರ್ ಅಭಯಾರಣ್ಯದಲ್ಲಿ 54 ಹೆಕ್ಟೇರ್ ಏನು ಮಹಾ ಎಂದು ತಮ್ಮ ಎದುರು ಕೂತ ಅಧಿಕಾರಿಗಳು ಹೇಳಬಹುದು. ಈ ಲೆಕ್ಕ ಎಲ್ಲಿ ತಪ್ಪುತ್ತದೆ ಅನ್ನುವುದೇ ನಾನು ತಮ್ಮ ಮುಂದೆ ಇಡಬೇಕೆಂದಿರುವ ವಿಷಯ.

ಕಾಡನ್ನು ಹೆಕ್ಟೇರ್‌ನಲ್ಲಿ, ಮರದ ಸಂಖ್ಯೆಯಲ್ಲಿ ಅಳೆದರೆ ಅದರ ನಷ್ಟ ಯಾವತ್ತೂ ಸಣ್ಣದಾಗಿಯೇ ಕಾಣುತ್ತದೆ. ಮರ ಎಣಿಸುವಾಗ ಒಂದು ಅಳತೆಗಿಂತ ದಪ್ಪ ಇರುವ ಕಾಂಡಗಳನ್ನಷ್ಟೇ ಎಣಿಸುತ್ತಾರೆ. ಬಣ್ಣ ಬಳಿದು ನಂಬರ್ ಬರೆಯುತ್ತಾರೆ. ಅದರ ಬುಡದಲ್ಲಿ ಎದ್ದಿರುವ ಸಸಿ, ಬೆತ್ತ, ವಾಟೆ, ಬಳ್ಳಿ, ಕೊಂಬೆಗೆ ಅಂಟಿದ ಸೀತಾಳೆ ದಂಡೆ, ಪೊಟರೆಯ ಜೇನು ಯಾವುದಕ್ಕೂ ನಂಬರ್ ಇಲ್ಲ. ನೆಲದ ಮೇಲೆ ಮೊಣಕಾಲು ಮುಳುಗುವಷ್ಟು ಬಿದ್ದಿರುವ ದರಕಿಗೆ, ಅಂದರೆ ತರಗೆಲೆಗೆ, ನಂಬರ್ ಇಲ್ಲ. ನಮ್ಮ ತೋಟಕ್ಕೆ ಏಪ್ರಿಲ್‌ನಲ್ಲೂ ಅಬ್ಬಿಯ, ಅಂದರೆ ಬೆಟ್ಟದ ಝರಿಯ, ನೀರು ಹರಿದು ಬರುತ್ತಿರುವುದು ಆ ದರಕಿನಿಂದ. ಮಳೆಗಾಲದಲ್ಲಿ ಅದು ನೀರು ಕುಡಿದು ಇಟ್ಟುಕೊಳ್ಳುತ್ತದೆ, ಬೇಸಿಗೆಯಲ್ಲಿ ಒರತೆಯಾಗಿ ಬಿಡುತ್ತದೆ. ಹಿನ್ನೀರಿನ ದಡದಲ್ಲಿದ್ದರೂ ನಾವು ಆ ದೊಡ್ಡ ನೀರನ್ನು ಕುಡಿಯುವುದಿಲ್ಲ. ಮನೆಗೆ, ತೋಟಕ್ಕೆ ಕಾನಿನ ನೀರೇ ಗತಿ. ಪೈಪ್ ಹಾಕಿ ಇಳಿಸಿಕೊಂಡರೆ ಆಯಿತು, ಮೋಟಾರ್ ಕೂಡ ಬೇಡ.

ಈ ಕಾಡಿನಲ್ಲಿರುವ ಸಿಂಗಳೀಕ ಎಂಬ ಕಪ್ಪು ಕೋತಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಅಭಯಾರಣ್ಯಕ್ಕೆ ಅದರದ್ದೇ ಹೆಸರಿದೆ. 1972ರಲ್ಲಿ ಶರಾವತಿ ಕಣಿವೆ ಅಭಯಾರಣ್ಯ ಘೋಷಣೆಯಾಯಿತು. 2019ರಲ್ಲಿ ರಾಜ್ಯ ಸರ್ಕಾರವೇ ಅಘನಾಶಿನಿ ಕಡೆಯ ಕಾಡನ್ನೂ ಸೇರಿಸಿ ಅದನ್ನು ದೊಡ್ಡದು ಮಾಡಿ, ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಎಂದು ಕರೆಯಿತು. ಒಳ್ಳೆಯ ಕೆಲಸ ಅದು. ಪಶ್ಚಿಮ ಘಟ್ಟ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಸಿಂಗಳೀಕ ಇಲ್ಲ. ಇರುವುದೇ ನಾಲ್ಕು ಸಾವಿರದ ಆಸುಪಾಸು. ಅದರಲ್ಲಿ ಆರೇಳು ನೂರರಷ್ಟು ಶರಾವತಿ, ಅಘನಾಶಿನಿ ಕೊಳ್ಳಗಳಲ್ಲಿವೆ. ಇಲ್ಲಿಂದ ಉತ್ತರಕ್ಕೆ ಹೋದರೆ ಸಿಂಗಳೀಕ ಮುಗಿಯಿತು.

ನೋಡಿದವರಿಗೆ ಗೊತ್ತು, ಅದು ನಮ್ಮ ಮಂಗನ ಹಾಗೆ ರಸ್ತೆ ಬದಿ ಕೂರುವ ಪ್ರಾಣಿಯಲ್ಲ. ಮರದ ಮೇಲೇ ಬದುಕು. ಒಂದು ಗುಂಪು ಬರುವುದು ಮೊದಲು ಕಿವಿಗೆ ಗೊತ್ತಾಗುತ್ತದೆ. ಮೇಲೆಲ್ಲೋ ಕೊಂಬೆ ಬಾಗಿ ಸರಕ್ಕನೆ ಬಿಟ್ಟುಕೊಂಡ ಸದ್ದು, ತಿಂದು ಬಿಟ್ಟ ಉಪ್ಪಾಗೆ ಹಣ್ಣಿನ ಸಿಪ್ಪೆ ಕೆಳಗೆ ಬೀಳುವ ಸದ್ದು. ಆಮೇಲೆ ಬೂದು ಕೇಸರದ ನಡುವೆ ಕಪ್ಪು ಮುಖ. ಒಂದರ ಹಿಂದೆ ಒಂದು ಅದೇ ಕೊಂಬೆಯಿಂದ ಅದೇ ಕೊಂಬೆಗೆ ಹಾರುತ್ತವೆ. ಮರಿ ಹೊತ್ತ ತಾಯಿ ಹಾರುವ ಮೊದಲು ಒಂದು ಗಳಿಗೆ ಕೂತು ನೋಡುತ್ತದೆ. ಅವುಗಳಿಗೆ ನೆತ್ತಿಯ ಮೇಲಿನ ದಾರಿ ಕಡಿಯದೆ ಇರಬೇಕು. ಹತ್ತು ಹದಿನೈದು ಮೀಟರ್ ಅಗಲದ ರಸ್ತೆ ಬಂದು, ಎರಡೂ ಕಡೆ ಕೊಂಬೆ ಕಡಿದು, ಮೇಲೆ ಆಕಾಶ ಕಂಡಿತೋ, ದಾರಿ ಅಲ್ಲಿಗೆ ತುಂಡಾಯಿತು. ಆಚೆ ಇರುವ ಬೈನೆ, ಹಲಸು, ಅತ್ತಿ ಅವುಗಳ ಪಾಲಿಗೆ ಇಲ್ಲದ ಹಾಗೆ. ಒಂದು ಹೆಣ್ಣು ಎರಡು ಮೂರು ವರ್ಷಕ್ಕೊಮ್ಮೆ ಒಂದೇ ಮರಿ ಹಾಕುತ್ತದೆ. ಗುಂಪು ಒಡೆದು ಸಣ್ಣದಾದರೆ ಮತ್ತೆ ಚೇತರಿಸಿಕೊಳ್ಳಲು ಒಂದು ತಲೆಮಾರು ಸಾಲದು. ಹಾಗಾಗಿ 54 ಹೆಕ್ಟೇರ್ ಎಲ್ಲಿದೆ, ಯಾವ ಆಕಾರದಲ್ಲಿದೆ ಅನ್ನುವುದು ಮುಖ್ಯ. ಕಾಡಿನ ಉದ್ದಕ್ಕೂ ಹರಿದ ರಸ್ತೆ, ಲೈನು 54 ಹೆಕ್ಟೇರ್‌ನಲ್ಲೇ ಸಾವಿರಾರು ಹೆಕ್ಟೇರ್ ಕಾಡನ್ನು ಎರಡು ಭಾಗ ಮಾಡಬಲ್ಲವು.

ಉಪ್ಪಾಗೆ ನಮ್ಮ ಮನೆಗಳಿಗೂ ಆದಾಯದ ಬೆಳೆ. ಮಳೆಗಾಲದಲ್ಲಿ ಕಾನಿಗೆ ಹೋಗಿ ತಂದು, ಸಿಪ್ಪೆ ಬಿಡಿಸಿ ಒಣಗಿಸಿ ಮಾರುತ್ತೇವೆ. ಸಿಂಗಳೀಕಕ್ಕೂ ಅದೇ ಊಟ, ಹಾಗಾಗಿ ಹಸಿ ಕಾಯಿ ಬಡಿಯಬೇಡಿ, ಅದರ ಪಾಲು ಬಿಡಿ ಎಂದು ಅರಣ್ಯ ಇಲಾಖೆಯವರು ಊರಿಗೆ ಬಂದು ಹೇಳಿದ್ದಾರೆ. ನ್ಯಾಯವಾದ ಮಾತು, ನಾವು ಒಪ್ಪಿದ್ದೇವೆ. ಹಣ್ಣು ಬಿಡಿ ಎಂದು ನಮಗೆ ಹೇಳಿದ ಸರ್ಕಾರ ಈಗ ಮರವನ್ನೇ ಕಡಿಯಲು ಅರ್ಜಿ ಹಾಕಿದೆ. ಇದಕ್ಕೆ ನಾವು ಮಕ್ಕಳಿಗೆ ಏನು ಹೇಳೋಣ ಸ್ವಾಮಿ?

ಇನ್ನೊಂದು, ರಾಂಪತ್ರೆ ಜಡ್ಡಿ. ಕಾನಿನ ತಗ್ಗಿನಲ್ಲಿ ವರ್ಷವಿಡೀ ನೀರು ಜಿನುಗುವ ಕೆಸರು ಜಾಗ. ಅಲ್ಲಿನ ರಾಂಪತ್ರೆ ಮರಗಳ ಬೇರು ಮಣ್ಣೊಳಗೆ ಉಸಿರಾಡಲಾಗದೆ ಮೇಲಕ್ಕೆ ಎದ್ದು, ಮಡಚಿದ ಮೊಣಕಾಲಿನ ಹಾಗೆ ಬಾಗಿ ಮತ್ತೆ ಕೆಸರಿಗೆ ಇಳಿಯುತ್ತದೆ. ಕಾಲಿಟ್ಟರೆ ನೀರು ತಣ್ಣಗೆ ಕೊರೆಯುತ್ತದೆ. ಲಕ್ಷಾಂತರ ವರ್ಷಗಳಿಂದ ಇರುವ ಕಾಡಿನ ಜಾತಿ ಇದು ಎಂದು ಓದಿದವರು ಹೇಳುತ್ತಾರೆ. ಇದೇ ಅಭಯಾರಣ್ಯದ ಸಿದ್ದಾಪುರ ಕಡೆಯ ಕತ್ತಲೆಕಾನಿನ ಜಡ್ಡಿಯಲ್ಲಿ, ಬೇರೆಲ್ಲೂ ದಾಖಲಾಗಿರದ ಒಂದು ಮರದ ಜಾತಿ 2000ನೇ ಇಸವಿಯ ಹೊತ್ತಿಗೆ ಜಗತ್ತಿಗೆ ಗೊತ್ತಾಯಿತು. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಆ ಊರಿನ ಹೆಸರನ್ನೇ ಅದಕ್ಕಿಟ್ಟರು. ಆ ಜಡ್ಡಿಯನ್ನೇ ಯೋಜನೆಗೆ ಕಡಿಯುತ್ತಾರೆ ಎಂದು ನಾನು ಹೇಳುತ್ತಿಲ್ಲ. ಇದೇ ಕಣಿವೆಯಲ್ಲಿ, ಇದೇ ನೀರಿನ ಜಾಡಿನಲ್ಲಿ ಇನ್ನೂ ಏನೇನಿದೆ ಎಂದು ಪೂರ್ತಿ ನೋಡಿದವರು ಯಾರೂ ಇಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ಸುರಂಗಕ್ಕೆ ಮದ್ದು ಸಿಡಿಸಿದಾಗ ಬಂಡೆಯ ಬಿರುಕು ಬದಲಾಗಿ ನೀರಿನ ಜಾಡು ತಪ್ಪಿದರೆ, ಮೇಲಿನ ಜಡ್ಡಿ ಒಂದೂ ಮರ ಕಡಿಯದೆಯೇ ಒಣಗುತ್ತದೆ. ನಮ್ಮ ಅಬ್ಬಿಗಳೂ ಅಷ್ಟೇ.

ಕಡಿದ ಕಾಡಿಗೆ ಬದಲು ಬೇರೆ ಕಡೆ ಗಿಡ ನೆಡುತ್ತೇವೆ ಅನ್ನುವುದು ಪ್ರತಿ ಯೋಜನೆಯಲ್ಲೂ ಬರುವ ಮಾತು. ಮಲೆನಾಡಿನಲ್ಲಿ ಇಲಾಖೆ ನೆಟ್ಟ ಅಕೇಶಿಯಾ ತೋಪುಗಳನ್ನು ನಾವು ಚಿಕ್ಕಂದಿನಿಂದ ನೋಡುತ್ತಿದ್ದೇವೆ. ಸಾಲಾಗಿ ನಿಂತಿರುತ್ತವೆ, ಹಸಿರಾಗಿಯೂ ಕಾಣುತ್ತವೆ. ಕೆಳಗೆ ಹುಲ್ಲಿಲ್ಲ, ಹಕ್ಕಿಯ ಸದ್ದು ಕಡಿಮೆ, ಒರತೆ ಇಲ್ಲ. ರಾಂಪತ್ರೆ ಬೀಜವನ್ನು ಒಣಗಿಸಿ ಚೀಲದಲ್ಲಿ ಇಟ್ಟರೆ ಸಾಯುತ್ತದೆ. ಮಂಗಟ್ಟೆ ಹಕ್ಕಿ ಅದರ ಕೆಂಪು ಪತ್ರೆ ತಿಂದು ಬೀಜವನ್ನು ಒದ್ದೆ ನೆಲದಲ್ಲಿ ಉದುರಿಸಬೇಕು. ಮಂಗಟ್ಟೆ ಗೂಡು ಕಟ್ಟಲು ಪೊಟರೆ ಇರುವ ಹಳೇ ಮರ ಬೇಕು. ಇಷ್ಟೆಲ್ಲ ಇರುವ ಕಾಡನ್ನು ಬಯಲುಸೀಮೆಯ ಯಾವುದೋ ಜಾಗದಲ್ಲಿ ಗುಂಡಿ ತೋಡಿ ಬೆಳೆಸಲು ಯಾವ ಇಲಾಖೆಗೂ ಸಾಧ್ಯವಿಲ್ಲ. ಇದು ಇಲಾಖೆಯವರಿಗೂ ಗೊತ್ತು.

ಇಳಿಜಾರಿನ ವಿಷಯ ಇನ್ನೂ ಹೆದರಿಕೆಯದು. ನಮ್ಮ ಘಟ್ಟದಲ್ಲಿ ಮೇಲೆ ಜಂಬಿಟ್ಟಿಗೆ, ಅದರ ಕೆಳಗೆ ಮೆತ್ತನೆಯ ಶೇಡಿ ಮಣ್ಣು. ಗುಡ್ಡದ ಬುಡ ಕಡಿದು, ಮೇಲಿನ ಮರ ತೆಗೆದು ಬಿಟ್ಟರೆ ಮಳೆನೀರು ನೇರ ಶೇಡಿಗೆ ಇಳಿಯುತ್ತದೆ. ಶೇಡಿ ನೆನೆದರೆ ಜಾರುತ್ತದೆ. ಬಾವಿ ತೋಡಿದ ಯಾರನ್ನು ಕೇಳಿದರೂ ಹೇಳುತ್ತಾರೆ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ರಸ್ತೆ ಹೋದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು ಜನ, ಲಾರಿ ಎಲ್ಲ ಗಂಗಾವಳಿಗೆ ಬಿದ್ದದ್ದನ್ನು ಇಡೀ ದೇಶ ನೋಡಿತು. ಎರಡೂ ಇದೇ ಉತ್ತರ ಕನ್ನಡದ ಊರುಗಳು. ಗೇರುಸೊಪ್ಪ ಘಟ್ಟ ಅದಕ್ಕಿಂತ ಗಟ್ಟಿ ಎಂದು ಯಾರು ಬರೆದುಕೊಡುತ್ತಾರೆ? ಕೆಳಗಡೆ ಗೇರುಸೊಪ್ಪ ಅಣೆಕಟ್ಟು, ಅದರ ಕೆಳಗೆ ಹೊನ್ನಾವರದವರೆಗೂ ಹೊಳೆ ದಂಡೆಯ ಊರುಗಳು. ಅಲ್ಲಿ ಸುರಿದ ಕಲ್ಲುಮಣ್ಣು ಮೊದಲ ದೊಡ್ಡ ಮಳೆಗೆ ಹೊಳೆ ಸೇರುತ್ತದೆ.

ಮಂಗನ ಕಾಯಿಲೆಯನ್ನೂ ಹೇಳದೆ ಬಿಡಲಾರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ರೋಗ ಅದು. 2018ರ ಕೊನೆಯಲ್ಲಿ, 2019ರಲ್ಲಿ ನಮ್ಮದೇ ತಾಲ್ಲೂಕಿನ ಅರಲಗೋಡಿನಲ್ಲಿ ಅದು ಎಷ್ಟು ಜನರನ್ನು ಮಲಗಿಸಿತು, ಎಷ್ಟು ಮನೆಯಲ್ಲಿ ಸಾವು ತಂದಿತು ಅನ್ನುವುದು ಈ ಭಾಗದವರಿಗೆಲ್ಲ ನೆನಪಿದೆ. ಜ್ವರ ಬಂದರೆ ಇಡೀ ಮನೆ ನಡುಗುತ್ತಿತ್ತು. ತೋಟಕ್ಕೆ ಹೋಗಲು ಆಳು ಸಿಗಲಿಲ್ಲ. ಕಾಡು ಒಡೆದು ಅಂಚು ಜಾಸ್ತಿಯಾದಷ್ಟೂ ಮನುಷ್ಯ, ದನ, ಮಂಗ, ರೋಗ ಹರಡುವ ಉಣುಗು ಒಂದೇ ಕಡೆ ಸೇರುತ್ತವೆ. ಆ ಕಾಡಿಗೆ ಹೊರಗಿನಿಂದ ಸಾವಿರಾರು ಕೆಲಸಗಾರರನ್ನು ವರ್ಷಗಟ್ಟಲೆ ಇಳಿಸುವ ಮೊದಲು ಆರೋಗ್ಯ ಇಲಾಖೆಯ ಅಭಿಪ್ರಾಯ ಕೇಳಿದ್ದೀರಾ?

ನದಿಯ ಕೊನೆಯಲ್ಲಿ ಆದದ್ದು ಬಹಳ ಜನರಿಗೆ ಗೊತ್ತೇ ಇಲ್ಲ. ಲಿಂಗನಮಕ್ಕಿ ನೀರು ಯಂತ್ರ ತಿರುಗಿಸಿ ವರ್ಷವಿಡೀ ಕೆಳಗೆ ಬರುತ್ತದೆ. ಮೊದಲು ಬೇಸಿಗೆಯಲ್ಲಿ ಹೊಳೆ ಸೊರಗಿ, ಸಮುದ್ರದ ಉಪ್ಪುನೀರು ಒಳಕ್ಕೆ ಏರಿ, ಹೊನ್ನಾವರದ ಅಳಿವೆಯಲ್ಲಿ ಉಪ್ಪು ಸಿಹಿ ಬೆರೆತ ನೀರು ಇರುತ್ತಿತ್ತು. ಬಳಚು ಎಂಬ ಚಿಪ್ಪುಮೀನು ಅದರಲ್ಲೇ ಬದುಕುವಂಥದ್ದು. ಸಿಹಿನೀರು ನಿಲ್ಲದೆ ಬರತೊಡಗಿದ ಮೇಲೆ ಉಪ್ಪಿನಂಶ ಇಳಿಯಿತು, ಬಳಚು ಹೆಚ್ಚುಕಮ್ಮಿ ಇಲ್ಲವಾಯಿತು. ಪಕ್ಕದ ಕುಮಟಾದಲ್ಲಿ ಅಘನಾಶಿನಿಗೆ ಅಣೆಕಟ್ಟಿಲ್ಲ. ಅಲ್ಲಿ ಇವತ್ತಿಗೂ ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ಬುಟ್ಟಿ ಹಿಡಿದು ನೀರಿಗಿಳಿದು ಬಳಚು ಹೆಕ್ಕುತ್ತಾರೆ. ಸಾವಿರಾರು ಮನೆ ಅದರಿಂದ ನಡೆಯುತ್ತಿದೆ. ವಿಜ್ಞಾನಿಗಳು ಎರಡೂ ಅಳಿವೆಯನ್ನು ಹೋಲಿಸಿ ಇದನ್ನು ದಾಖಲಿಸಿದ್ದಾರೆ. 1964ರಲ್ಲಿ ಯಾರಾದರೂ ಅಣೆಕಟ್ಟಿನ ಖರ್ಚಿನ ಪಟ್ಟಿಯಲ್ಲಿ ಹೊನ್ನಾವರದ ಬಳಚು ಅಂತ ಬರೆದಿದ್ದರಾ? ಘಟ್ಟದ ಮೇಲೆ ಕಟ್ಟಿದ್ದಕ್ಕೆ ಸಮುದ್ರದ ಬಾಯಲ್ಲಿ ಬೆಲೆ ತೆರಬೇಕಾಯಿತು. ಈಗ ಗೇರುಸೊಪ್ಪದ ನೀರನ್ನು ದಿನಾ ಮೇಲೆ ಕೆಳಗೆ ಆಡಿಸಿದರೆ ಕೆಳಗಿನ ಹರಿವಿನ ಹೊತ್ತು, ಪ್ರಮಾಣ ಏನಾಗುತ್ತದೆ ಎಂದು ಮೀನುಗಾರರಿಗೆ, ಹೊಳೆ ನೀರು ನಂಬಿದ ತೋಟದವರಿಗೆ ಅರ್ಥವಾಗುವ ಹಾಗೆ ಯಾರೂ ಹೇಳಿಲ್ಲ.

ಈ ಕಣಿವೆ ರಾಜ್ಯಕ್ಕೆ ಏನೂ ಕೊಡದೆ ಕೂತಿಲ್ಲ ಎಂಬುದನ್ನೂ ತಾವು ಗಮನಿಸಬೇಕು. 1948ರಲ್ಲಿ ಜೋಗದಲ್ಲಿ ವಿದ್ಯುತ್ ಶುರುವಾಯಿತು. ಅದಕ್ಕೆಂದು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು. ಹದಿನಾರು ವರ್ಷಕ್ಕೆ ಲಿಂಗನಮಕ್ಕಿ ಬಂದು ಆ ಅಣೆಕಟ್ಟೇ ಮುಳುಗಿತು. ಹಿನ್ನೀರು ತೀರಾ ಇಳಿದ ಬೇಸಿಗೆಯಲ್ಲಿ ನೀರು ಹೊರಬಿಡುತ್ತಿದ್ದ ಅದರ ಸೈಫನ್‌ಗಳು ಈಗಲೂ ಮೇಲೇಳುತ್ತವೆ, ಕಲ್ಲುಕಟ್ಟಣೆ ಗಟ್ಟಿಯಾಗಿಯೇ ಇದೆ. ಸುತ್ತ ಕಪ್ಪಗಾದ ಮರದ ಬೊಡ್ಡೆಗಳು. ಲಿಂಗನಮಕ್ಕಿ ಹಿಡಿಯುವುದು ಸುಮಾರು 151 ಟಿಎಂಸಿ ನೀರು. ಮುಳುಗಿದ್ದು ಸುಮಾರು 300 ಚದರ ಕಿಲೋಮೀಟರ್. ಅದರಲ್ಲಿ ಕಾಡೆಷ್ಟು, ಕಾನೆಷ್ಟು, ಜಡ್ಡಿ ಎಷ್ಟು ಎಂಬ ಸರಿಯಾದ ಪಟ್ಟಿಯನ್ನು ನಾನಂತೂ ಎಲ್ಲೂ ನೋಡಿಲ್ಲ. ಆಮೇಲೆ ಗೇರುಸೊಪ್ಪ ಬಂತು. ಇವತ್ತು ಮಹಾತ್ಮಾ ಗಾಂಧಿ ಕೇಂದ್ರದ 139, ಶರಾವತಿ ಕೇಂದ್ರದ 1,035, ಲಿಂಗನಮಕ್ಕಿಯ 55, ಗೇರುಸೊಪ್ಪದ 240, ಎಲ್ಲ ಸೇರಿ ಸುಮಾರು 1,470 ಮೆಗಾವಾಟ್ ಸಾಮರ್ಥ್ಯ ಒಂದೇ ಹೊಳೆಯ ಮೇಲಿದೆ. ಈಗ ಉಳಿದಿರುವ ಕಾಡು ಅಂದರೆ ಈ ಎಲ್ಲ ಯೋಜನೆಗಳು ಬಿಟ್ಟ ಶೇಷ. ಅದನ್ನು ಹೊಸದಾಗಿ ಅಳೆದು, ಇದರಲ್ಲಿ ಶೇಕಡಾ ಇಷ್ಟು ಮಾತ್ರ ಎಂದು ಹೇಳುವುದು ನ್ಯಾಯವಲ್ಲ. ಲೆಕ್ಕ 1948ರಿಂದ ಶುರುವಾಗಬೇಕು.

ಆ ಮುಳುಗಡೆಯಲ್ಲಿ ಮನೆ ಬಿಟ್ಟದ್ದು 12 ಸಾವಿರದಷ್ಟು ಕುಟುಂಬ ಎನ್ನುತ್ತಾರೆ. ಲಾರಿಯಲ್ಲಿ ತುಂಬಿ ಕಾಡಿನ ನಡುವೆ ಇಳಿಸಿದ ಕತೆ ನಮ್ಮ ಮನೆಯಲ್ಲೂ ಇದೆ. ಆ ಜಾಗ ಇವತ್ತಿಗೂ ದಾಖಲೆಯಲ್ಲಿ ಅರಣ್ಯ. ಹಕ್ಕುಪತ್ರ ಕೇಳಿದರೆ ಅರಣ್ಯ ಕಾಯ್ದೆ ಅಡ್ಡ ಬರುತ್ತದೆ ಎನ್ನುತ್ತಾರೆ. ರಾಜ್ಯ ಸರ್ಕಾರ ಸಂತ್ರಸ್ತರಿಗೆಂದು ಡಿನೋಟಿಫೈ ಮಾಡಿದ, ಅಂದರೆ ಅರಣ್ಯದ ಪಟ್ಟಿಯಿಂದ ತೆಗೆದ ಜಮೀನು ಕೂಡ, ಕೇಂದ್ರದ ಅನುಮತಿ ಪಡೆದಿಲ್ಲ ಎಂಬ ಕಾರಣಕ್ಕೆ 2021ರಲ್ಲಿ ಹೈಕೋರ್ಟ್‌ನಲ್ಲಿ ನಿಲ್ಲಲಿಲ್ಲ. ಕೋರ್ಟ್ ಹೇಳಿದ್ದನ್ನು ನಾನು ಪ್ರಶ್ನಿಸುವುದಿಲ್ಲ. ತುಮರಿ, ಸಿಗಂದೂರು ಕಡೆಯವರು ನೀರು ದಾಟಲು ಅರವತ್ತು ವರ್ಷ ಲಾಂಚ್ ಕಾದರು, ಸೇತುವೆ ಆದದ್ದು 2025ರಲ್ಲಿ. ನಾಡಿಗೆಲ್ಲ ಬೆಳಕು ಕೊಟ್ಟ ಹಿನ್ನೀರಿನ ಎಷ್ಟೋ ಮನೆಗಳು ದಶಕಗಳ ಕಾಲ ಚಿಮಣಿ ದೀಪದಲ್ಲೇ ಇದ್ದವು. ಇಷ್ಟು ವರ್ಷ ಒಂದು ಎಕರೆ ಹಕ್ಕುಪತ್ರಕ್ಕೆ ಬಗ್ಗದ ಕಾನೂನು ಈಗ ಯೋಜನೆಗಾಗಿ ಅಭಯಾರಣ್ಯದ ನಡುವೆ 54 ಹೆಕ್ಟೇರ್‌ಗೆ ಬಗ್ಗಬಹುದು ಅಂದರೆ ನಮಗೆ ನೋವಾಗುತ್ತದೆ. ಇದನ್ನು ಮುಚ್ಚಿಡದೆ ಹೇಳುತ್ತಿದ್ದೇನೆ.

ಕಾನೂನನ್ನೇ ತೆಗೆದು ನೋಡಿದರೂ ಈ ಪ್ರಸ್ತಾವ ನಿಲ್ಲುವುದು ಕಷ್ಟ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 29ನೇ ಕಲಂ ಪ್ರಕಾರ ಅಭಯಾರಣ್ಯದಲ್ಲಿ ಪ್ರಾಣಿಗಳ ನೆಲೆ ಹಾಳುಮಾಡುವಂತಿಲ್ಲ, ಅಲ್ಲಿನ ನೀರಿನ ಹರಿವನ್ನು ತಿರುಗಿಸುವಂತಿಲ್ಲ, ನಿಲ್ಲಿಸುವಂತಿಲ್ಲ, ಹೆಚ್ಚಿಸುವಂತಿಲ್ಲ. ಅನುಮತಿ ಕೊಡಬಹುದಾದದ್ದು ಅದು ವನ್ಯಜೀವಿಗಳ ಒಳಿತಿಗೆ, ಅಭಯಾರಣ್ಯದ ಉತ್ತಮ ನಿರ್ವಹಣೆಗೆ ಅಗತ್ಯ ಎಂದು ಸರ್ಕಾರಕ್ಕೆ ಮನವರಿಕೆಯಾದರೆ ಮಾತ್ರ. ಸಂಜೆಯ ಕರೆಂಟ್ ಬೇಡಿಕೆಗೂ ಸಿಂಗಳೀಕದ ಒಳಿತಿಗೂ ಏನು ಸಂಬಂಧ? ರಾಜ್ಯ ವನ್ಯಜೀವಿ ಮಂಡಳಿಗೆ ತಾವೇ ಅಧ್ಯಕ್ಷರು. ಯೋಜನೆ ಮಾಡಹೊರಟ ವಿದ್ಯುತ್ ನಿಗಮ ತಮ್ಮ ಸರ್ಕಾರದ್ದೇ. ಕೇಳುವವರೂ ತಾವೇ, ಕೊಡುವವರೂ ತಾವೇ ಆದಾಗ ಕಾಡಿನ ಪರ ಆ ಸಭೆಯಲ್ಲಿ ಮಾತಾಡುವ ಹೊಣೆ ಯಾರದು? ಅದು ಅಧ್ಯಕ್ಷರದ್ದೇ ಆಗಬೇಕು ಎಂದು ನಾನು ನಂಬಿದ್ದೇನೆ. ಸ್ಥಳಕ್ಕೆ ಬಂದು ನೋಡಿದ ಕೇಂದ್ರದ ಅರಣ್ಯಾಧಿಕಾರಿಯೇ ಈ ಯೋಜನೆಗೆ ಶಿಫಾರಸು ಮಾಡಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ನಡೆದ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಘಟ್ಟದ ಮೇಲಿನವರೂ ಕೆಳಗಿನವರೂ ಒಂದೇ ದನಿಯಲ್ಲಿ ವಿರೋಧ ಹೇಳಿದ್ದಾರೆ. ರೈತರು, ಮೀನುಗಾರರು, ಮಠಾಧೀಶರು, ವಿಜ್ಞಾನಿಗಳು ಒಂದೇ ಪೆಂಡಾಲಿನಡಿ ಕೂತದ್ದು ಇತ್ತೀಚೆಗೆ ನಾನು ನೋಡಿಲ್ಲ.

ಕರೆಂಟ್ ಬೇಡ ಎಂದು ಯಾರೂ ಹೇಳುತ್ತಿಲ್ಲ. ಹಗಲಿನ ಸೋಲಾರ್ ಕರೆಂಟನ್ನು ಸಂಜೆಗೆ ಉಳಿಸಿಕೊಳ್ಳುವ ವ್ಯವಸ್ಥೆ ಬೇಕೇ ಬೇಕು. ಪಾವಗಡದಂಥ ಸೋಲಾರ್ ಪಾರ್ಕ್ ಇರುವ ರಾಜ್ಯ ನಮ್ಮದು. ಆದರೆ ಪಂಪ್ಡ್ ಸ್ಟೋರೇಜ್ ಹೊಸ ಕರೆಂಟ್ ಹುಟ್ಟಿಸುವುದಿಲ್ಲ. ನೀರು ಹತ್ತಿಸಲು 100 ಯೂನಿಟ್ ಖರ್ಚು ಮಾಡಿದರೆ ವಾಪಸ್ ಸಿಗುವುದು 75ರಿಂದ 80 ಯೂನಿಟ್. ಉಳಿದದ್ದು ದಾರಿಯಲ್ಲೇ ಹೋಗುತ್ತದೆ. ಇದು ಒಂದು ಉಗ್ರಾಣ ಅಷ್ಟೇ. ಉಗ್ರಾಣವನ್ನು ಬೇರೆ ಕಡೆಯೂ ಕಟ್ಟಬಹುದು, ಅಲ್ವಾ? ಬ್ಯಾಟರಿ ಸಂಗ್ರಹದ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಅದನ್ನು ಸೋಲಾರ್ ಪಾರ್ಕಿನ ಬಗಲಲ್ಲೇ, ಸಬ್‌ಸ್ಟೇಷನ್ ಅಂಗಳದಲ್ಲೇ ಇಡಬಹುದು. ನೀರಿನ ಸಂಗ್ರಹವೇ ಬೇಕೆಂದರೆ ನದಿ, ನಿತ್ಯಹಸಿರು ಕಾಡು ಎರಡರಿಂದಲೂ ದೂರದ ಬೋಳು ಗುಡ್ಡ, ಕೆಲಸ ಮುಗಿದ ಗಣಿ ಗುಂಡಿಗಳನ್ನು ಪರಿಶೀಲಿಸಬಹುದು. ಸಿಂಗಳೀಕವನ್ನು ಬೇರೆ ಕಡೆ ಇಡಲು ಆಗುವುದಿಲ್ಲ. ಇಷ್ಟೇ ನನ್ನ ವಾದ.

ಬೇಡ ಎಂದ ಯೋಜನೆಗಳಿಂದ ನಾಡು ಹಿಂದೆ ಬಿದ್ದಿಲ್ಲ. ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಇದೇ ಸಿಂಗಳೀಕದ ಕಾಡು ಜಲವಿದ್ಯುತ್ ಯೋಜನೆಗೆ ಮುಳುಗುವುದರಲ್ಲಿತ್ತು. ಸರ್ಕಾರ ಹಿಂದೆ ಸರಿಯಿತು, 1984ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ನಮ್ಮ ಪಕ್ಕದಲ್ಲೇ ಬೇಡ್ತಿ ಹೊಳೆಯ ಜಲವಿದ್ಯುತ್ ಯೋಜನೆ ಬಂದಾಗ ಶಿರಸಿ, ಯಲ್ಲಾಪುರದ ಅಡಿಕೆ ಬೆಳೆಗಾರರು ಸುಮ್ನೆ ಕೂಗಾಡಲಿಲ್ಲ. ವಿಜ್ಞಾನಿಗಳನ್ನು ಕರೆಸಿ 1981ರಲ್ಲಿ ಶಿರಸಿಯಲ್ಲಿ ವಿಚಾರ ಸಂಕಿರಣ ಮಾಡಿ, ಲಾಭ ನಷ್ಟದ ಲೆಕ್ಕವನ್ನು ಸರ್ಕಾರದ ಮುಂದಿಟ್ಟರು. ಆ ಯೋಜನೆ ನಿಂತಿತು. 1983ರಲ್ಲಿ ಸಾಲ್ಕಣಿಯ ಜನ ಮರ ಅಪ್ಪಿಕೊಂಡು ಅಪ್ಪಿಕೋ ಚಳವಳಿ ಶುರುಮಾಡಿದರು. ಹಸಿರು ಮರ ಕಡಿಯುವ ನೀತಿಯೇ ಬದಲಾಯಿತು. ಆಗಿನ ಸರ್ಕಾರಗಳು ಜನರ ಮಾತು ಕೇಳಿದ್ದವು.

ಆದ್ದರಿಂದ ತಮ್ಮಲ್ಲಿ ಕೇಳುವುದು ಇಷ್ಟು. ಕೇಂದ್ರದ ಮುಂದಿರುವ ಅರಣ್ಯ ಬಳಕೆಯ ಪ್ರಸ್ತಾವವನ್ನು ರಾಜ್ಯ ಸರ್ಕಾರವೇ ಹಿಂಪಡೆಯಲಿ. ಅವರು ತಿರಸ್ಕರಿಸುವವರೆಗೆ ಕಾಯುವುದು ಬೇಡ. ಅಷ್ಟು ತಕ್ಷಣಕ್ಕೆ ಆಗದಿದ್ದರೆ ರಾಜ್ಯ ವನ್ಯಜೀವಿ ಮಂಡಳಿಯ ಸಭೆ ಮತ್ತೆ ಕರೆದು, 29ನೇ ಕಲಂ ಮುಂದಿಟ್ಟುಕೊಂಡು ಈ ಒಂದೇ ವಿಷಯ ಚರ್ಚಿಸಿ, ನಡಾವಳಿಯನ್ನು ಜನರಿಗೆ ಕೊಡಿ. ಬ್ಯಾಟರಿಗೆ ಎಷ್ಟು ಖರ್ಚು, ಬೇರೆ ಜಾಗದಲ್ಲಿ ಎಷ್ಟು ಖರ್ಚು, ಇಲ್ಲಿ ಎಷ್ಟು ಖರ್ಚು ಎಂಬ ಹೋಲಿಕೆಯನ್ನು ಸ್ವತಂತ್ರ ತಜ್ಞರಿಂದ ಮಾಡಿಸಿ. ಇಲ್ಲಿನ ಖರ್ಚಿನಲ್ಲಿ ಒರತೆ, ಭೂಕುಸಿತ, ಮಂಗನ ಕಾಯಿಲೆ, ಹೊನ್ನಾವರದ ಮೀನುಗಾರಿಕೆ ಕೂಡ ಸೇರಲಿ. ಪರಿಸರ ವರದಿ ಕನ್ನಡದಲ್ಲಿ ಪೂರ್ತಿ ಸಿಗಬೇಕು. ಸಾರಾಂಶವನ್ನಷ್ಟೇ ಕನ್ನಡದಲ್ಲಿ ಕೊಟ್ಟರೆ ಸಾಕು ಎಂಬ ನಿಯಮ ಇರಬಹುದು, ಆದರೆ ನೂರಾರು ಪುಟದ ಇಂಗ್ಲಿಷ್ ಓದಿ ಅಹವಾಲು ಹೇಳು ಎಂದು ಬೆಟ್ಟದ ಕೃಷಿಕನಿಗೆ ಹೇಳುವುದು ಸರಿಯಲ್ಲ. ಮುಳುಗಡೆಯವರ ಹಕ್ಕುಪತ್ರದ ವಿಷಯವನ್ನು ಕೇಂದ್ರದ ಅನುಮತಿ ಪಡೆದೇ, ಕಾನೂನು ಪ್ರಕಾರವೇ ಬಗೆಹರಿಸಿ. ಅದು ಮುಗಿಯುವವರೆಗೆ ಈ ಕಣಿವೆಯಲ್ಲಿ ಒಂದು ಎಕರೆಯನ್ನೂ ಹೊಸ ಯೋಜನೆಗೆ ಕೇಳಬೇಡಿ.

ಸಾಧ್ಯವಾದರೆ ತಾವೇ ಒಮ್ಮೆ ಬನ್ನಿ. ಜೋಗದ ವೀಕ್ಷಣಾ ಕಟ್ಟೆಗೆ ಎಲ್ಲ ಮುಖ್ಯಮಂತ್ರಿಗಳೂ ಬರುತ್ತಾರೆ. ಅಲ್ಲಿಂದ ಮುಂದೆ, ಯೋಜನೆಯ ಗುರುತಿನ ಕಲ್ಲು ಇರುವ ಕಾಡಿನವರೆಗೆ ನಡೆದು ಬನ್ನಿ. ದಾರಿ ತೋರಿಸಲು ಊರಿನವರು ಇದ್ದೇವೆ, ಊಟ ನಮ್ಮ ಮನೆಯಲ್ಲೇ ಆಗಲಿ. ಬರಲಾಗದಿದ್ದರೆ ಈ ಪತ್ರಕ್ಕೆ ಬರಹದಲ್ಲಿ ಒಂದು ಉತ್ತರ ಕೊಡಿ. ಗ್ರಾಮ ಪಂಚಾಯಿತಿಯ ಬೋರ್ಡಿಗೆ ಅಂಟಿಸಿ, ಗ್ರಾಮಸಭೆಯಲ್ಲಿ ಎಲ್ಲರಿಗೂ ಓದಿ ಹೇಳುತ್ತೇವೆ.

ವಂದನೆಗಳೊಂದಿಗೆ,
ಶರಾವತಿ ಹಿನ್ನೀರಿನ ಒಬ್ಬ ಅಡಿಕೆ ಬೆಳೆಗಾರ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ